ಅಜ್ಜಿಯ ಹುಟ್ಟುಹೆಸರು

ಮಾರ್ಕೆಟ್ ಯಾರ್ಡಿನ ನಮ್ಮ ಮನೆಯಲ್ಲಿ ಈಗ ರವಿವಾರ ಮಧ್ಯಾಹ್ನ ನಾಲ್ಕಾರು ಮಕ್ಕಳು ಲ್ಯಾಪ್‌ಟಾಪ್ ಹಿಡಿದು ತಮ್ಮ ಮನೆತನದ ಇತಿಹಾಸ ಹುಡುಕಲು ಕೂಡುತ್ತಾರೆ. ಚಹಾ, ಚುರಮುರಿ ನನ್ನ ಪಾಲಿನ ಕೆಲಸ.

ಕರ್ನಾಟಕದ 'ಭೂಮಿ' ಜಾಲತಾಣದಲ್ಲಿ ಊರು, ಸರ್ವೆ ನಂಬರು ಕೊಟ್ಟರೆ ಹೊಲದ ಪಹಣಿ, ಅಂದರೆ ನಮ್ಮ ಕಡೆಯ 'ಉತಾರ', ಕಾಣುತ್ತದೆ. ಹಳೆಯದು ಬೇಕೆಂದರೆ ತೊಡಕು. ಬೆಳಗಾವಿ, ಧಾರವಾಡ, ವಿಜಾಪುರ 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ಆಗಿನ ಎಷ್ಟೋ ಕಾಗದ ಮೋಡಿ ಲಿಪಿಯಲ್ಲಿವೆ. ಅದನ್ನು ಓದುವವರು ಪುಣೆಯಲ್ಲೇ ಸಿಗುತ್ತಾರೆ, ಪೇಶ್ವೆ ದಫ್ತರದ ಊರಲ್ಲವೇ!

ನಾನು ಚಿಕ್ಕವಳಿದ್ದಾಗ ಕಾಗದಕ್ಕಿಂತ ಹೆಳವರ ಮಾತೇ ಗಟ್ಟಿ. ಸುಗ್ಗಿಯ ನಂತರ ಎತ್ತಿನೊಡನೆ ಬಂದು, ಮನೆತನದ ತಲೆಮಾರುಗಳನ್ನು ಹಾಡಿನಂತೆ ಹೇಳಿ, ಕಾಳು ಪಡೆದು ಹೋಗುತ್ತಿದ್ದರು.

ನಾನು ಹುಡುಕಿದ್ದು ತಾಯಿಯ ತಾಯಿಯನ್ನು. ಉತಾರದಲ್ಲಿ ಅಜ್ಜ, ಮುತ್ತಜ್ಜ ಸಿಕ್ಕರು, ಅಜ್ಜಿ ಇಲ್ಲ. ನಮ್ಮಲ್ಲಿ ಮದುವೆಯಾದಾಗ ಹೆಸರು ಬದಲಿಸುತ್ತಿದ್ದರು. ಹುಟ್ಟುಹೆಸರು ಸೋದರಮಾವನಿಗೆ ಗೊತ್ತಿತ್ತು. ಅವರು ತೀರಿಕೊಂಡು ಎರಡು ವರ್ಷವಾಯಿತು. ನಾನು ಕೇಳಿರಲಿಲ್ಲ.

ನಿಮ್ಮ ಅಜ್ಜಿ ಇದ್ದರೆ ಈ ರವಿವಾರ ನಮ್ಮಲ್ಲಿಗೆ ಬರಬೇಡಿ. ಅವರ ಹತ್ತಿರ ಕೂತು, ಹುಟ್ಟುಹೆಸರು, ತವರೂರು, ಅಕ್ಕತಂಗಿಯರನ್ನು ಕೊಟ್ಟ ಊರುಗಳನ್ನು ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಚಹಾ ಮುಂದಿನ ವಾರ ಕುಡಿಯೋಣ.