ದಡಾರ ಬಂದಾಗ ಇಳಿದ ಬಾವು

ಮೂತ್ರಪಿಂಡದ ಕಾಯಿಲೆಯಿಂದ ಮೈಯೆಲ್ಲ ಊದಿಕೊಂಡಿದ್ದ ಮಕ್ಕಳಿಗೆ ದಡಾರ ಬಂತು. ಸುಡುವ ಜ್ವರ, ಮೈತುಂಬ ದದ್ದು. ಮೊದಲೇ ಸೋತ ಜೀವಕ್ಕೆ ಇದು ಗಾಯದ ಮೇಲೆ ಬರೆ ಎಂದು ಯಾರಾದರೂ ಹೆದರಬೇಕಾದ ಹೊತ್ತು. ಆದದ್ದೇ ಬೇರೆ. ಕಟ್ಟಿಕೊಂಡಿದ್ದ ಮೂತ್ರ ಧಾರಾಳವಾಗಿ ಹೋಗತೊಡಗಿತು, ಬಾವು ಇಳಿಯಿತು, ಕೆಲವರಲ್ಲಿ ಪ್ರೊಟೀನ್ ಸೋರುವುದೂ ನಿಂತಿತು. ಬ್ಲೂಂಬರ್ಗ್ ಮತ್ತು ಕ್ಯಾಸಡಿ ಎಂಬ ಅಮೆರಿಕದ ಇಬ್ಬರು ವೈದ್ಯರು 1947ರಲ್ಲಿ ಇದನ್ನು ಬರೆದಿಟ್ಟರು. ಮಕ್ಕಳ ಸ್ಟೀರಾಯ್ಡ್ ಚಿಕಿತ್ಸೆಯ ಮೂಲ ಹುಡುಕುತ್ತ ಹೋದ ನನಗೆ ಎದುರಾದದ್ದು ಈ ದಡಾರದ ಕಥೆ. ಆಮೇಲೆ ಮನಸ್ಸು ಬೇರೆ ಕಡೆ ಹೋಗಲೇ ಇಲ್ಲ.

ಆ ಕಾಯಿಲೆ ನೆಫ್ರಾಟಿಕ್ ಸಿಂಡ್ರೋಮ್. ಹೆಚ್ಚಾಗಿ ಎರಡರಿಂದ ಆರು ವರ್ಷದ ಮಕ್ಕಳಿಗೆ ಬರುತ್ತದೆ. ಬೆಳಿಗ್ಗೆ ಎದ್ದಾಗ ಮಗುವಿನ ಕಣ್ಣರೆಪ್ಪೆ ಊದಿರುತ್ತದೆ. ಏನೋ ಹುಳ ಕಚ್ಚಿರಬೇಕು, ಅಲರ್ಜಿ ಇರಬೇಕು ಎಂದು ಮನೆಯವರು ಒಂದೆರಡು ದಿನ ಕಾಯುತ್ತಾರೆ. ಆಮೇಲೆ ಕಾಲು, ಹೊಟ್ಟೆ. ಚಡ್ಡಿಯ ಇಲಾಸ್ಟಿಕ್ ಸೊಂಟದ ಮೇಲೆ ಆಳವಾಗಿ ಅಚ್ಚೊತ್ತುತ್ತದೆ. ಮೂತ್ರ ನೊರೆ ನೊರೆ. ರಕ್ತವನ್ನು ಸೋಸುವ ಮೂತ್ರಪಿಂಡದ ಜರಡಿ ಆಲ್ಬುಮಿನ್ ಎಂಬ ಪ್ರೊಟೀನನ್ನು ತಡೆಯದೆ ಹೊರಗೆ ಬಿಟ್ಟುಬಿಡುತ್ತದೆ. ಅದರ ಜೊತೆಗೆ ಸೋಂಕು ತಡೆಯುವ ಪ್ರೊಟೀನುಗಳೂ ಸೋರಿಹೋಗುತ್ತವೆ. ಆಂಟಿಬಯಾಟಿಕ್ ಬರುವ ಮುಂಚೆ ಈ ಮಕ್ಕಳಲ್ಲಿ ಅನೇಕರನ್ನು ಕೊಂದದ್ದು ಬಾವಲ್ಲ, ಹೊಟ್ಟೆಯೊಳಗೆ ನೀರು ತುಂಬಿದ ಜಾಗದಲ್ಲಿ ನ್ಯುಮೊಕಾಕಸ್ ಬ್ಯಾಕ್ಟೀರಿಯಾ ಬೆಳೆದು ಆಗುತ್ತಿದ್ದ ಸೋಂಕು.

ಕೈಯಲ್ಲಿ ಮದ್ದಿಲ್ಲದ ವೈದ್ಯರು ದಡಾರದ ಸುದ್ದಿಯನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ಸಹಜವೇ. ಬಾಸ್ಟನ್ ಮಕ್ಕಳ ಆಸ್ಪತ್ರೆಯ ಚಾರ್ಲ್ಸ್ ಜೇನ್‌ವೇ ಮತ್ತು ಅವರ ಸಂಗಡಿಗರು ಆಲ್ಬುಮಿನ್ ಚುಚ್ಚಿದಾಗ ಏನಾಗುತ್ತದೆ, ದಡಾರ ಬಂದಾಗ ಏನಾಗುತ್ತದೆ ಎಂದು ಹೋಲಿಸಿ 1948ರಲ್ಲಿ ಬರೆದರು. ಬೇಕೆಂದೇ ಮಕ್ಕಳಿಗೆ ದಡಾರ ಹಚ್ಚಿಸಿ ನೋಡಿದವರೂ ಆ ಕಾಲದಲ್ಲಿದ್ದರು. 1952ರಲ್ಲಿ ಮಲೇರಿಯಾದ ಬಗ್ಗೆಯೂ ಇಂಥದೇ ಚರ್ಚೆ ಬ್ರಿಟನ್ನಿನ ಲ್ಯಾನ್ಸೆಟ್ ಪತ್ರಿಕೆಗೆ ಬಂತು. ದಡಾರವೂ ಆಗ ಮಕ್ಕಳನ್ನು ಕೊಲ್ಲುತ್ತಿದ್ದ ರೋಗವೇ. ಅದನ್ನು ತಂದು ಮಗುವಿನ ಮೈಗೆ ಹಚ್ಚುವಾಗ ಆ ತಾಯಿಗೆ ಏನೆಂದು ಹೇಳಿದರೋ! ವೈದ್ಯಕೀಯ ವರದಿಗಳಲ್ಲಿ ಮೂತ್ರದ ಅಳತೆ ಸಿಗುತ್ತದೆ, ತೂಕ ಸಿಗುತ್ತದೆ. ತಾಯಂದಿರ ಮಾತು ಸಿಗುವುದಿಲ್ಲ.

ಅಷ್ಟರಲ್ಲಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಬಂತು. ಮೇಯೊ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಅದನ್ನು ಕೀಲುವಾತಕ್ಕೆ ಕೊಟ್ಟು ಗೆದ್ದರು, 1950ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಅದೇ ವರ್ಷದ ಹೊತ್ತಿಗೆ ನೆಫ್ರಾಟಿಕ್ ಮಕ್ಕಳಿಗೂ, ದೇಹದಲ್ಲೇ ಇಂಥ ಸ್ಟೀರಾಯ್ಡ್ ಹುಟ್ಟಿಸುವ ಎಸಿಟಿಎಚ್ ಹಾರ್ಮೋನ್ ಕೊಟ್ಟ ವರದಿಗಳು ಶುರುವಾದವು. 1956ರಲ್ಲಿ ಗ್ಲಾಸ್ಗೋದ ಗ್ಯಾವಿನ್ ಆರ್ನೀಲ್ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡಿನ ಚಿಕಿತ್ಸೆಯನ್ನು ಪ್ರಕಟಿಸಿದರು. ಇವತ್ತಿಗೂ ನಮ್ಮ ಮಕ್ಕಳು ನುಂಗುವುದು ಅದೇ ಕಹಿ ಮಾತ್ರೆ. ಮುಖ ದುಂಡಗಾಗುತ್ತದೆ, ಹಸಿವು ಹೆಚ್ಚುತ್ತದೆ, ಹಟ ಹೆಚ್ಚುತ್ತದೆ, ವರ್ಷಗಟ್ಟಲೆ ತೆಗೆದುಕೊಂಡರೆ ಎತ್ತರ ಕುಂಠಿತವಾಗುತ್ತದೆ. ಹಾಗೆಂದು ಹೆದರಿ ಮಧ್ಯದಲ್ಲಿ ಒಮ್ಮೆಲೇ ನಿಲ್ಲಿಸಿದರೆ ಅಪಾಯ ಇನ್ನೂ ದೊಡ್ಡದು.

ಮುಂದಿನ ಹತ್ತು ವರ್ಷ ಪ್ರಮಾಣ, ಅವಧಿಗಳ ಲೆಕ್ಕಾಚಾರದಲ್ಲೇ ಕಳೆಯಿತು. ಆಮೇಲೆ ಹಲವು ದೇಶಗಳ ವೈದ್ಯರು ಸೇರಿ 521 ಮಕ್ಕಳ ಮೂತ್ರಪಿಂಡದ ಚೂರು ತೆಗೆದು ಪರೀಕ್ಷಿಸಿದರು. ಮುಕ್ಕಾಲು ಪಾಲು ಮಕ್ಕಳಲ್ಲಿ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಹೆಚ್ಚೇನೂ ಕಾಣಲಿಲ್ಲ. ಅಂಥವರಲ್ಲಿ ಶೇ 93ರಷ್ಟು ಮಂದಿ ಎಂಟು ವಾರದೊಳಗೆ ಸ್ಟೀರಾಯ್ಡಿಗೆ ಬಗ್ಗಿದರು. ಹಾಗಾದರೆ ಬೆನ್ನಿಗೆ ಸೂಜಿ ಹಾಕುವುದೇಕೆ, ಮೊದಲು ಔಷಧ ಕೊಟ್ಟು ನೋಡೋಣ ಎಂಬ ಪದ್ಧತಿ ನಿಂತದ್ದು ಹೀಗೆ. ಸೂಜಿ ತಪ್ಪಿದ್ದು ದೊಡ್ಡ ಉಪಕಾರ. ಆದರೆ ಮಗುವಿಗೆ ಸ್ಟೀರಾಯ್ಡ್ ಒಗ್ಗುತ್ತದೋ ಇಲ್ಲವೋ ಎಂದು ತಿಳಿಯಲು ವಾರಗಟ್ಟಲೆ ಸ್ಟೀರಾಯ್ಡನ್ನೇ ತಿನ್ನಿಸಬೇಕಾಯಿತು. ಭಾರತದ ಮಕ್ಕಳ ಮೂತ್ರಪಿಂಡ ತಜ್ಞರ 2021ರ ಮಾರ್ಗಸೂಚಿಯ ಪ್ರಕಾರ ಆ ಕಾಯುವಿಕೆ ಆರು ವಾರ.

ಕಾಯಿಲೆ ಅಡಗಿದೆಯೋ ಮರುಕಳಿಸಿದೆಯೋ ಎಂದು ಮನೆಯಲ್ಲಿ ತಿಳಿಯುವ ಬಗೆ ನೋಡಿ. ಬೆಳಗಿನ ಮೊದಲ ಮೂತ್ರವನ್ನು ಗಾಜಿನ ನಳಿಕೆಗೆ ತುಂಬಿ, ಸಲ್ಫೊಸ್ಯಾಲಿಸಿಲಿಕ್ ಆಮ್ಲದ ನಾಲ್ಕಾರು ಹನಿ ಬಿಟ್ಟು, ಹಿಂದೆ ಅಚ್ಚಾದ ಕಾಗದ ಹಿಡಿಯುತ್ತಾರೆ. ಮಸುಕಿನ ಆಚೆ ಅಕ್ಷರ ಓದಲು ಬಂದರೆ ಒಂದು ಪ್ಲಸ್. ದಪ್ಪ ಕಪ್ಪು ಗೆರೆ ಮಾತ್ರ ಕಂಡರೆ ಎರಡು. ಅದೂ ಕಾಣದಿದ್ದರೆ ಮೂರು. ಮೊಸರಿನ ಗಡ್ಡೆಯಂತೆ ಕೆಳಗೆ ಕೂತರೆ ನಾಲ್ಕು. ಸತತ ಮೂರು ಬೆಳಿಗ್ಗೆ ಮೂರೋ ನಾಲ್ಕೋ ಬಂದರೆ ಕಾಯಿಲೆ ಮರುಕಳಿಸಿದೆ ಎಂದರ್ಥ. ಇಂದು ಬಣ್ಣ ಬದಲಿಸುವ ಪಟ್ಟಿ ಬಂದಿದೆ, ಕೆಲಸ ಹಗುರವಾಗಿದೆ. ಓದು ಬಾರದ ಅಜ್ಜಿಯರೂ ಈ ಲೆಕ್ಕವನ್ನು ತಪ್ಪಿಲ್ಲದೆ ಕಲಿತದ್ದುಂಟು. ಮಗುವಿನ ಹೆಸರಿನ ನೋಟ್‌ಬುಕ್ಕಿನಲ್ಲಿ ದಿನಾಂಕ, ಪ್ಲಸ್, ಮಾತ್ರೆಯ ಪ್ರಮಾಣ, ಪಕ್ಕದಲ್ಲಿ ‘ನೆಗಡಿ’ ಅಂತಲೋ ‘ಜ್ವರ’ ಅಂತಲೋ ಒಂದು ಮಾತು.

ದಡಾರ ಮಾತ್ರ ಎಲ್ಲರಿಗೂ ಮರೆತುಹೋಗಿತ್ತು. ಸ್ಟೀರಾಯ್ಡ್ ಸಿಕ್ಕಿತಲ್ಲ, ಇನ್ನು ಅದೇಕೆ ಎಂದು ಅದನ್ನು ವಿಚಿತ್ರ ಸಂಗತಿಗಳ ಸಾಲಿಗೆ ತಳ್ಳಿದರು. ನನಗೆ ಸಂಕಟವಾಗುವುದು ಇಲ್ಲಿ. ದಡಾರ ಬಂದ ಮಗುವಿನಲ್ಲಿ ಕ್ಷಯದ ಚರ್ಮ ಪರೀಕ್ಷೆ ಮಂಕಾಗುತ್ತದೆ ಎಂದು ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ 1908ರಲ್ಲೇ ತೋರಿಸಿದ್ದರು; ಎಂದರೆ ದಡಾರ ದೇಹದ ರೋಗನಿರೋಧಕ ಪಡೆಯನ್ನು ಕೆಲಕಾಲ ಕಟ್ಟಿಹಾಕುತ್ತದೆ. ಎರಡನ್ನೂ ಜೋಡಿಸಿದವರು ವಾಷಿಂಗ್ಟನ್ನಿನ ರಾಬರ್ಟ್ ಶಾಲ್ಹೂಬ್, ಅದೂ 1974ರಲ್ಲಿ. ದಡಾರದಿಂದ ಬಾವು ಇಳಿಯುತ್ತದೆ, ಸ್ಟೀರಾಯ್ಡಿನಿಂದ ಇಳಿಯುತ್ತದೆ, ಹಾಜ್ಕಿನ್ಸ್ ಎಂಬ ದುಗ್ಧಗ್ರಂಥಿ ಕ್ಯಾನ್ಸರ್ ಇರುವ ರೋಗಿಗಳಲ್ಲಿ ಇದೇ ಬಾವು ಕಾಣುತ್ತದೆ. ಹಾಗಿದ್ದರೆ ತಪ್ಪು ಮೂತ್ರಪಿಂಡದ್ದಲ್ಲ, ರೋಗನಿರೋಧಕ ಪಡೆಯ ಟಿ ಜೀವಕೋಶಗಳದು ಎಂದರು. 1947ರಿಂದ ಇಪ್ಪತ್ತೇಳು ವರ್ಷ ಆ ಸುಳಿವು ಕಪಾಟಿನಲ್ಲಿ ಕೊಳೆಯಿತು.

ಟಿ ಜೀವಕೋಶಗಳು ಹೊರಬಿಡುತ್ತವೆಂದು ಶಾಲ್ಹೂಬ್ ಊಹಿಸಿದ್ದ, ಜರಡಿಯನ್ನು ಕೆಡಿಸುವ ವಸ್ತು ಯಾವುದೆಂದು ಹುಡುಕಿ ಹಲವರು ಸೋತರು. 1998ರಲ್ಲಿ ಫಿನ್ಲೆಂಡಿನ ಹಸುಗೂಸುಗಳ ಆನುವಂಶಿಕ ಕಾಯಿಲೆಯ ಬೆನ್ನು ಹತ್ತಿದವರಿಗೆ ಜರಡಿಯ ಎಳೆಯೊಂದು ಸಿಕ್ಕಿತು: ನೆಫ್ರಿನ್. 2024ರಲ್ಲಿ ಹ್ಯಾಂಬರ್ಗ್ ಸಂಶೋಧಕರ ತಂಡ ಇದೇ ನೆಫ್ರಿನ್ ಮೇಲೆ ದೇಹವೇ ತಯಾರಿಸುವ ಪ್ರತಿಕಾಯವನ್ನು ಮಕ್ಕಳ ರಕ್ತದಲ್ಲಿ ಅಳೆಯಿತು. ನೆಫ್ರಾಟಿಕ್ ಮಕ್ಕಳಲ್ಲಿ ಶೇ 52ರಷ್ಟು ಮಂದಿಯಲ್ಲಿ ಅದು ಕಂಡಿತು. ಕಾಯಿಲೆ ಜೋರಾಗಿದ್ದು ಇನ್ನೂ ಮದ್ದು ಶುರುವಾಗದವರಲ್ಲಿ ಶೇ 90. ಕಾಯಿಲೆ ಅಡಗಿದಂತೆ ಅದೂ ಇಳಿಯುತ್ತಿತ್ತು. ಇಲಿಗಳಿಗೆ ನೆಫ್ರಿನ್ ಚುಚ್ಚಿ ಪ್ರತಿಕಾಯ ಹುಟ್ಟಿಸಿದಾಗ ಅವಕ್ಕೂ ಅದೇ ಕಾಯಿಲೆ ಬಂತು. ಬಹಳ ದಿನ ಕಾದಿದ್ದ ಗುರುತು ಇದು. ಆದರೆ ನಮ್ಮ ಊರಿನ ಲ್ಯಾಬಿನಲ್ಲಿ ಮಾಡಿಸಿಕೊಂಡು ಬರುವ ಪರೀಕ್ಷೆಯಾಗಲು ಇನ್ನೂ ಹಾದಿಯಿದೆ.

ಒಂದು ಜಗಳ ಮಾತ್ರ ಬಗೆಹರಿದಿಲ್ಲ. ದಡಾರ ಬಾವನ್ನು ಇಳಿಸುತ್ತಿತ್ತು, ಸಾಮಾನ್ಯ ನೆಗಡಿ ಏರಿಸುತ್ತದೆ. ನೆಗಡಿಯಂಥ ಸೋಂಕು ಬಂದ ಕೂಡಲೇ ಒಂದು ವಾರ ದಿನವೂ ಪ್ರೆಡ್ನಿಸೊಲೋನ್ ಕೊಟ್ಟರೆ ಮರುಕಳಿಸುವುದು ತಗ್ಗುತ್ತದೆ ಎಂದು ದೆಹಲಿಯ ಏಮ್ಸ್ ವೈದ್ಯರು 2011ರಲ್ಲಿ ತೋರಿಸಿದರು. 2022ರಲ್ಲಿ ಬ್ರಿಟನ್ನಿನವರು 365 ಮಕ್ಕಳನ್ನಿಟ್ಟುಕೊಂಡು ಹೆಚ್ಚುಕಡಿಮೆ ಇದನ್ನೇ ಮಾಡಿದರು, ಪ್ರಯೋಜನ ಕಾಣಲಿಲ್ಲ. ದೆಹಲಿಯ ಮಕ್ಕಳು ಪದೇ ಪದೇ ಮರುಕಳಿಸಿ ದಿನ ಬಿಟ್ಟು ದಿನ ಸ್ಟೀರಾಯ್ಡ್ ಮೇಲಿದ್ದವರು, ಬ್ರಿಟನ್ನಿನ ಗುಂಪಿನಲ್ಲಿ ಬೇರೆ ಬೇರೆ ಚಿಕಿತ್ಸೆಯ ಮೇಲಿದ್ದವರೂ ಇದ್ದರು. ಯಾವ ಮಗುವಿಗೆ ಯಾವ ನೆಗಡಿ ಕಾಯಿಲೆ ಎಬ್ಬಿಸುತ್ತದೆ ಎಂಬುದರ ದಾಖಲೆ ಸಾವಿರಾರು ತಾಯಂದಿರ ನೋಟ್‌ಬುಕ್ಕುಗಳಲ್ಲಿ ದಿನಾಂಕ ಸಮೇತ ಇದೆ. ಮಗು ದೊಡ್ಡದಾಗಿ ಕಾಯಿಲೆ ಬಿಟ್ಟುಹೋದ ಮೇಲೆ ಅವು ಹಳೆ ಪೇಪರಿನ ಜೊತೆ ತೂಕಕ್ಕೆ ಹೋಗುತ್ತಿವೆ. ಆಸ್ಪತ್ರೆಗಳು ಅವನ್ನು ಕೇಳಿ ಪಡೆದು ಒಂದು ನಕಲು ಇಟ್ಟುಕೊಳ್ಳಬೇಕು, ಈಗಲೇ.