ಶಾಲೆಯ ಗೇಟಿನಿಂದ 50 ಮೀಟರ್

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ, ದೇಶದಲ್ಲಿ 10.1 ಕೋಟಿ ಜನ ಮಧುಮೇಹಿಗಳು. ವಯಸ್ಕರಲ್ಲಿ ನೂರಕ್ಕೆ 11.4 ಮಂದಿ. ಕೇರಳದಲ್ಲಿ ಈ ಪ್ರಮಾಣ 25.5. ಇಬ್ಬರು ವಯಸ್ಕರಿರುವ ಮನೆಗಳನ್ನು ಎಣಿಸಿದರೆ, ಎರಡು ಮನೆಗೊಬ್ಬರು!

ಈ ರೋಗ ಸದ್ದಿಲ್ಲದೆ ಬರುತ್ತದೆ. ರಕ್ತದಲ್ಲಿ ಹೆಚ್ಚಿದ ಸಕ್ಕರೆಯು ಸೂಕ್ಷ್ಮ ರಕ್ತನಾಳಗಳನ್ನು ವರ್ಷಗಟ್ಟಲೆ ಕೆಡಿಸುತ್ತದೆ. ಕಣ್ಣು ಮಂಜಾದಾಗಲೋ, ಕಾಲಿನ ಹುಣ್ಣು ಮಾಯದಿದ್ದಾಗಲೋ, ಮೂತ್ರಪಿಂಡ ಸೋತಾಗಲೋ ಮನೆಯವರಿಗೆ ತಿಳಿಯುತ್ತದೆ. ದುಡಿಯುವವರೇ ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಹೋಗಬೇಕಾಗಿ ಬಂದರೆ ಮೊದಲು ಕುತ್ತು ಬರುವುದು ಮಕ್ಕಳ ಓದಿಗೆ.

ಇದು ಹಿರಿಯರ ಕಾಯಿಲೆಯೆಂದು ಭಾವಿಸುವವರು ಶಾಲೆಯೆದುರಿನ ಅಂಗಡಿಯನ್ನೊಮ್ಮೆ ನೋಡಬೇಕು. ನಾಲಗೆಯ ರೂಢಿ ಬೆಳೆಯುವುದು ಅಲ್ಲಿಯೇ. ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಾಗಲಿ, ಗೇಟಿನಿಂದ ಯಾವ ದಿಕ್ಕಿನಲ್ಲಿಯೇ ಆಗಲಿ 50 ಮೀಟರ್ ಒಳಗೆ ಮಕ್ಕಳಿಗೆ ಮಾರಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳು ವಿಧಿಸುತ್ತವೆ. ನಿಯಮವೇನೋ ಇದೆ, ಅಳೆಯುವವರು ಬೇಕು. ಆ ಕೆಲಸವನ್ನು ರಕ್ಷಕ-ಶಿಕ್ಷಕ ಸಂಘ ವಹಿಸಿಕೊಂಡು, ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಸಲ್ಲಿಸಬಹುದು. ಇದಕ್ಕೆ ವಕೀಲರು ಬೇಕಿಲ್ಲ. ಕಾಸರಗೋಡಿನವರು ದೂರನ್ನು ಕನ್ನಡದಲ್ಲಿಯೇ ಬರೆಯಬಹುದು. ಕೇರಳದ ಅಧಿಕೃತ ಭಾಷಾ ಕಾಯಿದೆಯಲ್ಲಿ ಆ ಹಕ್ಕಿದೆ.