ಇಲ್ಲಿ ಅಳಿಸಿದ ಮೇಲ್ ಅಲ್ಲೂ ಮಾಯವೇ?

ಇನ್‌ಬಾಕ್ಸ್ ತುಂಬಿತು ಅಂತ ಮಧ್ಯಾಹ್ನ ಲ್ಯಾಪ್‌ಟಾಪ್ ಮುಂದೆ ಕೂತು ಹಳೆಯ ಮೇಲ್‌ಗಳನ್ನೆಲ್ಲ ಗುಡಿಸಿ ಹಾಕಿದಿರಿ. ಸಂಜೆ ಮೊಬೈಲ್ ತೆಗೆದರೆ ಅಲ್ಲೂ ಇಲ್ಲ! ಮಗಳು ಕಳಿಸಿದ್ದ ಮೊಮ್ಮಗುವಿನ ಫೋಟೊ, ವಿಮೆ ಕಂತಿನ ರಸೀದಿ ಎಲ್ಲ ಕಸದ ಜತೆಗೇ ಹೋಗಿವೆ. ಇನ್ನು ಕೆಲವರ ದೂರು ತದ್ವಿರುದ್ಧ: ‘ಎಷ್ಟು ಸಲ ಡಿಲೀಟ್ ಮಾಡಿದ್ರೂ ಮೇಲ್ ಹೋಗೋದೇ ಇಲ್ಲ!’ ಗಾಬರಿ ಬೇಡ. ಎರಡಕ್ಕೂ ಪರಿಹಾರ ಇದೆ.

ಒಂದೇ ಕೋಣೆ, ಎರಡು ಬಾಗಿಲು

ಥಂಡರ್‌ಬರ್ಡ್‌ನಂಥ ತಂತ್ರಾಂಶದಲ್ಲಿ ಜಿಮೇಲ್ ಓದುವಾಗ ಸಾಮಾನ್ಯವಾಗಿ ‘ಐಮ್ಯಾಪ್’ ಎಂಬ ವ್ಯವಸ್ಥೆ ಬಳಕೆಯಾಗುತ್ತದೆ. ಇದರಲ್ಲಿ ಪತ್ರಗಳ ಮೂಲ ಇರುವುದು ಜಿಮೇಲ್‌ನ ಸರ್ವರ್‌ನಲ್ಲಿ. ಲ್ಯಾಪ್‌ಟಾಪ್ ಮತ್ತು ಮೊಬೈಲ್ ಆ ಒಂದೇ ಕೋಣೆಯ ಎರಡು ಬಾಗಿಲು. ಯಾವ ಬಾಗಿಲಿಂದ ಆಚೆ ಹಾಕಿದರೂ ಕೋಣೆಯಿಂದ ಹೋದಂತೆಯೇ. ಲ್ಯಾಪ್‌ಟಾಪ್‌ನಲ್ಲಿ ಕಾಣುವ ಪ್ರತಿಯನ್ನೇ ಕಾಪಿಟ್ಟ ಪ್ರತಿ ಅಂದುಕೊಳ್ಳಬೇಡಿ.

ಹೋದದ್ದು ಸಿಗುತ್ತದೆಯೇ?

ಮೊದಲು ಜಿಮೇಲ್‌ನ ‘ಟ್ರ್ಯಾಷ್’ ಅಥವಾ ‘ಬಿನ್’ ತೆರೆಯಿರಿ. ಅಳಿಸಿದ ಮೇಲ್ ಅಲ್ಲಿ 30 ದಿನ ಇರುತ್ತದೆ. ಅಷ್ಟರೊಳಗೆ ಅದನ್ನು ಇನ್‌ಬಾಕ್ಸ್‌ಗೆ ವಾಪಸ್ ತರಬಹುದು. ಆಮೇಲೆ ಅದು ಶಾಶ್ವತವಾಗಿ ಅಳಿಸಿಹೋಗುತ್ತದೆ.

ಥಂಡರ್‌ಬರ್ಡ್‌ನ ‘ಅಕೌಂಟ್ ಸೆಟ್ಟಿಂಗ್ಸ್’ಗೆ ಹೋಗಿ ‘ಸರ್ವರ್ ಸೆಟ್ಟಿಂಗ್ಸ್’ ನೋಡಿ. ‘ಎಂಪ್ಟಿ ಟ್ರ್ಯಾಷ್ ಆನ್ ಎಕ್ಸಿಟ್’ ಎಂಬಲ್ಲಿ ಟಿಕ್ ಇದ್ದರೆ ತೆಗೆಯಿರಿ. ಇಲ್ಲದಿದ್ದರೆ ಪ್ರತಿ ಸಲ ಮುಚ್ಚುವಾಗಲೂ ಕಸದಬುಟ್ಟಿ ಖಾಲಿಯಾಗಿ, 30 ದಿನದ ಗಡುವು ಸಿಗುವುದೇ ಇಲ್ಲ.

ಹೋಗಲೊಲ್ಲದ ಮೇಲ್

ಅದೇ ಪುಟದಲ್ಲಿ, ಮೇಲ್ ಅಳಿಸಿದಾಗ ಏನು ಮಾಡಬೇಕೆಂದು ಕೇಳುವ ಆಯ್ಕೆಗಳಿವೆ. ‘ಜಸ್ಟ್ ಮಾರ್ಕ್ ಇಟ್ ಆ್ಯಸ್ ಡಿಲೀಟೆಡ್’ ಇದ್ದರೆ ಮೇಲ್ ಮೇಲೆ ಗೆರೆ ಬೀಳುತ್ತದೆ ಅಷ್ಟೇ, ಹೋಗುವುದಿಲ್ಲ. ಅದರ ಬದಲು ಜಿಮೇಲ್‌ನ ಟ್ರ್ಯಾಷ್ ಫೋಲ್ಡರ್‌ಗೆ ಸರಿಸುವ ಆಯ್ಕೆಯನ್ನು ಆರಿಸಿ. ಇನ್‌ಬಾಕ್ಸ್‌ನಿಂದ ಹೋದದ್ದು ‘ಆಲ್ ಮೇಲ್’ನಲ್ಲಿ ಉಳಿದಿರಬಹುದು, ಅಲ್ಲೂ ನೋಡಿ. ಜಾಗ ತೆರವಾಗಬೇಕಾದರೆ ಟ್ರ್ಯಾಷ್ ಕೂಡ ಖಾಲಿಯಾಗಬೇಕು. ಉಚಿತ ಖಾತೆಯ 15 ಜಿಬಿಯಲ್ಲಿ ಮೇಲ್ ಜತೆ ಫೋಟೊ, ಡ್ರೈವ್ ಕಡತಗಳೂ ಸೇರಿರುತ್ತವೆ ಎಂಬುದು ನೆನಪಿರಲಿ.

ಅಳಿಸುವ ಮುನ್ನ

* ಬೇಕಾದ ಮೇಲ್‌ಗಳನ್ನು ಆರಿಸಿ, ಬಲ ಕ್ಲಿಕ್ ಮಾಡಿ, ‘ಕಾಪಿ ಟು’ ಮೂಲಕ ‘ಲೋಕಲ್ ಫೋಲ್ಡರ್ಸ್’ಗೆ ಹಾಕಿ. ಇದು ನಿಮ್ಮ ಲ್ಯಾಪ್‌ಟಾಪ್‌ನದೇ ಕಪಾಟು. ಸರ್ವರ್‌ನಲ್ಲಿ ಅಳಿಸಿದರೂ ಇದಕ್ಕೆ ಧಕ್ಕೆಯಿಲ್ಲ.
* ‘ಮೂವ್ ಟು’ ಒತ್ತಬೇಡಿ. ಆಗ ಮೇಲ್ ಇನ್‌ಬಾಕ್ಸ್‌ನಿಂದ ಇಲ್ಲಿಗೆ ಬಂದುಬಿಡುತ್ತದೆ, ಮೊಬೈಲ್‌ನ ಇನ್‌ಬಾಕ್ಸ್‌ನಲ್ಲಿ ಕಾಣುವುದಿಲ್ಲ.
* ಫೋಟೊ, ರಸೀದಿಗಳನ್ನು ಪೆನ್‌ಡ್ರೈವ್‌ಗೂ ಹಾಕಿಡಿ. ಲ್ಯಾಪ್‌ಟಾಪ್ ಕೈಕೊಟ್ಟರೂ ಚಿಂತೆಯಿಲ್ಲ.
* ಮೊದಲು ಒಂದೇ ಒಂದು ಬೇಡದ ಮೇಲ್ ಅಳಿಸಿ, ಮೊಬೈಲ್‌ನಲ್ಲಿ ಏನಾಯಿತು ನೋಡಿ. ಒಂದು ಅಗುಳು ಹಿಚುಕಿದರೆ ಅನ್ನ ಬೆಂದಿದೆಯೋ ಇಲ್ಲವೋ ಗೊತ್ತಾಗುತ್ತದಲ್ಲ, ಹಾಗೆ. ಉಳಿದದ್ದಕ್ಕೆ ಆಮೇಲೆ ಕೈ ಹಾಕಿ.